ಪಂಚಾಯತ್ ಮೈದಾನದಲ್ಲಿ ಯಾರ ಕಬಡ್ಡಿ?

ಈ ಪೋಸ್ಟ್ ಸ್ವಲ್ಪ ಉದ್ದ ಉಂಟು. ಪುರುಸೊತ್ತು ಇದ್ದಾಗ ಓದಿ. ಬೈಯುವುದಾದರೆ ಪೂರ್ತಿ ಓದಿದ ಮೇಲೆ ಬೈಯಿರಿ.

ಕಳೆದ ವಾರ ನಾವು ನಾಲ್ಕೈದು ಜನ ಸೇರಿ ಕಾರ್ಕಳ ತಾಲೂಕಿನ ಒಂದು ಗ್ರಾಮ ಪಂಚಾಯತಿಗೆ ಮನವಿ ಕೊಟ್ಟೆವು. ವಿಷಯ ಇಷ್ಟೇ. ಪಂಚಾಯತ್ ಮೈದಾನದಲ್ಲಿ, ಸರಕಾರಿ ಶಾಲೆಯ ಮೈದಾನದಲ್ಲಿ "ಸಮಾಜ ಬಾಂಧವರಿಗೆ ಮಾತ್ರ" ಅಂತ ಫ್ಲೆಕ್ಸ್ ಹಾಕಿ ನಡೆಸುವ ಕಬಡ್ಡಿ, ಕ್ರಿಕೆಟ್, ವಾಲಿಬಾಲ್ ಪಂದ್ಯಾಟಗಳಿಗೆ ಅನುಮತಿ ಕೊಡಬೇಡಿ ಅಂತ. ಮನವಿಯ ಫೋಟೊ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿತು. ಬಂದ ಮಾತುಗಳಲ್ಲಿ ಹೆಚ್ಚಿನದ್ದು ಒಂದೇ: "ಇವರಿಗೆ ಆಟದಲ್ಲೂ ಜಾತಿ ಕಾಣ್ತದೆ ಮಾರಾಯ್ರೆ."

ಕಾಣ್ತದೆ ಸ್ವಾಮಿ. ಎಂಟು ಅಡಿ ಉದ್ದದ ಫ್ಲೆಕ್ಸಿನಲ್ಲಿ ಬಣ್ಣದ ಅಕ್ಷರದಲ್ಲಿ ಬರೆದು ಬಸ್ ಸ್ಟ್ಯಾಂಡಿನ ಎದುರು ಕಟ್ಟಿದರೆ ಕಣ್ಣು ಸರಿ ಇದ್ದವರಿಗೆಲ್ಲ ಕಾಣ್ತದೆ. ಬರೆದದ್ದು ನಾವಲ್ಲ. ಓದಿದ್ದು ಮಾತ್ರ ನಾವು.

ಹೊರಗಿನ ಊರಿನ ಗೆಳೆಯರಿಗೆ ಒಂದು ವಿವರಣೆ ಬೇಕಾಗ್ತದೆ. ನಮ್ಮ ಕರಾವಳಿಯಲ್ಲಿ "ಸಮಾಜ" ಅಂದರೆ ಸಮಾಜ ಅಲ್ಲ, ಜಾತಿ. "ನಮ್ಮ ಸಮಾಜದ ಹುಡುಗ" ಅಂದರೆ ನಮ್ಮ ಜಾತಿಯ ಹುಡುಗ. "ಸಮಾಜದ ಪಂದ್ಯಾಟ" ಅಂದರೆ ಆ ಜಾತಿಯವರು ಬಿಟ್ಟು ಬೇರೆ ಯಾರೂ ಅಂಕಣಕ್ಕೆ ಇಳಿಯುವ ಹಾಗಿಲ್ಲ. ಡಿಸೆಂಬರಿಂದ ಮೇ ತಿಂಗಳವರೆಗೆ ಉಡುಪಿ, ಕಾಪು, ಕಾರ್ಕಳ ಕಡೆ ಶನಿವಾರ-ಭಾನುವಾರ ಬಂತು ಅಂದ್ರೆ ಇಂಥದ್ದು ಎಲ್ಲಾದರೂ ಒಂದು ಇದ್ದೇ ಇರ್ತದೆ. ಈಗ ಅದಕ್ಕೂ ಪ್ರೀಮಿಯರ್ ಲೀಗ್ ಅಂತ ಹೆಸರು. ತಂಡಕ್ಕೊಬ್ಬ ಮಾಲಕ, ಆಟಗಾರರಿಗೆ ಬಿಡ್ಡಿಂಗ್, ಹೊನಲು ಬೆಳಕು, ಯೂಟ್ಯೂಬ್ ಲೈವ್. ಎಲ್ಲ ಟಿವಿಯಲ್ಲಿ ನೋಡಿದ ಹಾಗೆಯೇ. ಟಿವಿಯಲ್ಲಿ ಇಲ್ಲದ್ದು ಒಂದೇ ಒಂದು ಉಂಟು. ಅದೇ ಈ "ಮಾತ್ರ" ಅನ್ನುವ ಶಬ್ದ.

ಹಾಗಾಗಿ ಟಿವಿಯ ಕಬಡ್ಡಿಯಿಂದಲೇ ಶುರು ಮಾಡ್ತೇನೆ. ಬೆಂಗಳೂರು ಬುಲ್ಸ್ ಗೆದ್ದ ವರ್ಷದಿಂದ.

ಪ್ರೊ ಕಬಡ್ಡಿ 2014 ರಲ್ಲಿ ಶುರುವಾದಾಗ ನಮ್ಮ ಕಡೆಯವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಗದ್ದೆ ಕೊಯ್ಲು ಆದ ಮೇಲೆ ಆಡುತ್ತಿದ್ದ ಆಟ, ಶಾಲೆಯಲ್ಲಿ ಬ್ಯಾಟ್-ಬಾಲ್ ಇಲ್ಲದಾಗ ಆಡುತ್ತಿದ್ದ ಆಟ, ಕಾಸು ಬೇಡದ ಆಟ, ಈಗ ಮ್ಯಾಟ್ ಮೇಲೆ, ಲೈಟಿನ ಕೆಳಗೆ! ಕರ್ನಾಟಕದ ಹೆಸರು ಹೊತ್ತ ತಂಡ ಬೆಂಗಳೂರು ಬುಲ್ಸ್. ಮೊದಲ ಸೀಸನ್ನಿನಲ್ಲಿ ಸೆಮಿಫೈನಲ್ ತನಕ ಬಂತು. 2015 ರ ಎರಡನೇ ಸೀಸನ್ನಿನಲ್ಲಿ ಮಂಜೀತ್ ಚಿಲ್ಲರ್ ನಾಯಕತ್ವದಲ್ಲಿ ಫೈನಲಿಗೆ ಹೋಗಿ ಯು ಮುಂಬಾ ಎದುರು 36-30 ರಲ್ಲಿ ಸೋತಿತು. ಆಮೇಲೆ ಕೆಳಗೆ ಇಳಿಯಿತು. ಐದನೇ ಸೀಸನ್ನಿನಲ್ಲಂತೂ ತಂಡದ "ತವರಿನ" ಪಂದ್ಯಗಳು ನಡೆದದ್ದು ಬೆಂಗಳೂರಲ್ಲಿ ಅಲ್ಲ, ನಾಗಪುರದಲ್ಲಿ. ಹೆಸರು ಬೆಂಗಳೂರು, ಮನೆ ನಾಗಪುರ. ನಾವೆಲ್ಲ ತಮಾಷೆ ಮಾಡ್ತಿದ್ದೆವು.

ಆರನೇ ಸೀಸನ್ ಶುರುವಾದದ್ದು 2018 ರ ಅಕ್ಟೋಬರ್ 7 ಕ್ಕೆ. ಆ ಸಲ ಬುಲ್ಸಿಗೆ ಬಂದವನು ಪವನ್ ಸೆಹ್ರಾವತ್, ದೆಹಲಿ ಕಡೆಯ ಹುಡುಗ. ಹಿಂದೆ ಇದೇ ತಂಡದಲ್ಲಿ ಇದ್ದ, ಐದನೇ ಸೀಸನ್ನಿಗೆ ಗುಜರಾತ್ ತಂಡಕ್ಕೆ ಹೋಗಿದ್ದ. ಅಲ್ಲಿ ಅವನಿಗೆ ಆಡಲು ಸಿಕ್ಕಿದ್ದು ಕಮ್ಮಿ, ಬೆಂಚಿನಲ್ಲಿ ಕೂತದ್ದೇ ಹೆಚ್ಚು. ಆ ವರ್ಷದ ಹರಾಜಿನಲ್ಲಿ ಸುದ್ದಿಯಾದವರು ಕೋಟಿ ದಾಟಿದವರು. ಹರ್ಯಾಣದ ತಂಡ ಮೋನು ಗೋಯತ್‌ಗೆ 1.51 ಕೋಟಿ ಕೊಟ್ಟಿತ್ತು, ಯು ಮುಂಬಾ ಇರಾನಿನ ಫಜಲ್ ಅತ್ರಾಚಲಿಗೆ 1 ಕೋಟಿ ಕೊಟ್ಟಿತ್ತು. ಪವನ್ ಹೆಸರು ಆ ಸಾಲಿನಲ್ಲಿ ಇರಲಿಲ್ಲ.

ಬುಲ್ಸ್ ಏನು ಮಾಡಿತು? ಅವನಿಗೆ ಜಾಗ ಕೊಟ್ಟಿತು. ಅಷ್ಟೇ. ನಾಯಕ ರೋಹಿತ್ ಕುಮಾರ್ ಕೂಡ ದೊಡ್ಡ ರೈಡರ್, ಆದರೆ ರೈಡ್ ಮಾಡುವ ಭಾರ ಹೆಚ್ಚಾಗಿ ಪವನ್ ಮೇಲೆ ಬಿತ್ತು. ರಣಧೀರ್ ಸಿಂಗ್ ಸೆಹ್ರಾವತ್ ಮತ್ತು ನಮ್ಮ ರಾಜ್ಯದವರೇ ಆದ ಬಿ.ಸಿ. ರಮೇಶ್ ತರಬೇತಿಯಲ್ಲಿ ಇದ್ದ ತಂಡ ಅದು. ಸೀಸನ್ ಮುಗಿಯುವಾಗ ಪವನ್ ಲೆಕ್ಕದಲ್ಲಿ 271 ರೈಡ್ ಪಾಯಿಂಟ್. ಆ ಸಲದ ಎಲ್ಲರಿಗಿಂತ ಹೆಚ್ಚು.

ಫೈನಲ್ 2019 ರ ಜನವರಿ 5, ಶನಿವಾರ, ಮುಂಬಯಿಯಲ್ಲಿ. ಎದುರಾಳಿ ಯಾರು ಗೊತ್ತಾ? ಅದೇ ಗುಜರಾತ್. ಅವನನ್ನು ಬೆಂಚಿನಲ್ಲಿ ಕೂರಿಸಿದ ತಂಡ.

ಆ ರಾತ್ರಿ ನಾನು ಕಾಪು ಹತ್ತಿರದ ಒಂದು ಕಾಲೊನಿಯಲ್ಲಿ ಇದ್ದೆ. ಮೀಟಿಂಗ್ ಇತ್ತು. ಹಕ್ಕುಪತ್ರದ ವಿಷಯ. ಏಳೂವರೆಗೆ ಮುಗಿಸಿ ಅಂತ ಹುಡುಗರು ಮೊದಲೇ ಹೇಳಿದ್ದರು. ಅಂಬೇಡ್ಕರ್ ಭವನದ ಒಳಗೆ ಒಂದು ಹಳೇ ಟಿವಿ. ಮಣಿಪಾಲದ ಹಾಸ್ಟೆಲ್ ಮೆಸ್ಸಿನಲ್ಲಿ ಪಾತ್ರೆ ತೊಳೆದು ಬಂದವರು, ಮಲ್ಪೆಯಲ್ಲಿ ಮೀನಿನ ಬುಟ್ಟಿ ಹೊತ್ತು ಬಂದವರು, ಕಾಲೇಜು ಮಕ್ಕಳು, ಎರಡು ಅಜ್ಜಂದಿರು. ಅರ್ಧ ಆಟಕ್ಕೆ ಗುಜರಾತ್ 16, ನಮ್ಮದು 9. ಒಬ್ಬ ಅಜ್ಜ "ಇನ್ನು ಊಟ ಮಾಡುವ" ಅಂತ ಎದ್ದೇ ಬಿಟ್ಟರು. ಎರಡನೇ ಅರ್ಧದಲ್ಲಿ ಪವನ್ ಹೋದ ಕಡೆಯೆಲ್ಲ ಪಾಯಿಂಟ್. ಕೊನೆಗೆ 38-33. ಅವನೊಬ್ಬನದ್ದೇ 22. ಕಾಲೊನಿಯಲ್ಲಿ ಆ ರಾತ್ರಿ ಎದ್ದ ಬೊಬ್ಬೆಗೆ ನಾಯಿಗಳೂ ಸೇರಿಕೊಂಡವು.

ಆ ಬೊಬ್ಬೆ ಹಾಕಿದ ಹುಡುಗರಲ್ಲಿ ಒಬ್ಬನೂ ಪವನ್ ಸೆಹ್ರಾವತ್ ಯಾವ ಜಾತಿ ಅಂತ ಕೇಳಲಿಲ್ಲ. ತಂಡದ ಮುಖ್ಯ ಆಟಗಾರರು ಕನ್ನಡದವರಲ್ಲ, ನಮ್ಮ ಊರಿನವರಲ್ಲ. ಆದರೂ "ನಮ್ಮ ತಂಡ ಗೆದ್ದಿತು" ಅಂದರು. ಆಟ ಅಂದರೆ ಅದು. ಗುರ್ತ ಇಲ್ಲದವನನ್ನು ನಮ್ಮವ ಅಂತ ಹೇಳಲಿಕ್ಕೆ ಕಲಿಸುವುದು.

ಹರಾಜಿನ ಕಬಡ್ಡಿಯನ್ನು ನಾನು ಹೊಗಳಿ ಅಟ್ಟಕ್ಕೆ ಏರಿಸುತ್ತಿಲ್ಲ. ದುಡ್ಡಿನ ಆಟ ಅದು. ಮನುಷ್ಯರಿಗೆ ರೇಟು ಹಾಕುವುದು ಅಂದ ಕೂಡಲೆ ಜೀತ ನೋಡಿದ ನಮ್ಮ ಹಿರಿಯರಿಗೆ ಬೇರೆಯೇ ನೆನಪಾಗ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಆ ದುಡ್ಡಿನ ಬುದ್ಧಿ ಬಯಲಾಯಿತು. 2016 ರಲ್ಲಿ ಮಹಿಳೆಯರಿಗೂ ಮೂರು ತಂಡ ಕಟ್ಟಿ ಒಂದು ಸಣ್ಣ ಲೀಗ್ ಮಾಡಿದರು. ಅದರಲ್ಲಿ ಫೈರ್ ಬರ್ಡ್ಸ್ ತಂಡದ ನಾಯಕಿ ನಮ್ಮ ಕಾರ್ಕಳ ಹೆರ್ಮುಂಡೆಯ ಮಮತಾ ಪೂಜಾರಿ. ಗೆದ್ದ ಸ್ಟಾರ್ಮ್ ಕ್ವೀನ್ಸ್ ತಂಡದ ನಾಯಕಿ ಕರ್ನಾಟಕದವರೇ ಆದ ತೇಜಸ್ವಿನಿ ಬಾಯಿ. ಫೈನಲ್ ಮುಗಿದದ್ದು 24-23, ಒಂದೇ ಪಾಯಿಂಟಿನ ಅಂತರ. ಅಷ್ಟು ಒಳ್ಳೆಯ ಆಟ. ಮುಂದಿನ ವರ್ಷ ಅದು ನಡೆಯಲೇ ಇಲ್ಲ. ಗಂಡಸರದ್ದು ಮಾತ್ರ ವರ್ಷ ವರ್ಷ ದೊಡ್ಡದಾಯಿತು.

ಆದರೂ ಒಂದು ಸತ್ಯ ಒಪ್ಪಬೇಕು. ಆ ಹರಾಜಿನಲ್ಲಿ ಕೇಳುವುದು "ಎಷ್ಟು ಪಾಯಿಂಟ್ ತರ್ತಾನೆ" ಅಂತ. ನಮ್ಮ ಊರಿನ ಪಂದ್ಯಾಟದಲ್ಲಿ ಕೇಳುವುದು "ಯಾವ ಮನೆಯವ" ಅಂತ.

ಈಗ ಮನವಿ ಕೊಟ್ಟ ಊರಿನ ವಿಷಯಕ್ಕೆ ಬರುವ. ಅಲ್ಲಿ ನಮ್ಮ ಕಾಲೊನಿಯ ಒಬ್ಬ ಹುಡುಗ ಉಂಟು. ಹೆಸರು ಬೇಡ. ಐ.ಟಿ.ಐ. ಓದ್ತಾನೆ. ಊರಿನ ಯುವಕ ಮಂಡಲದ ಕಬಡ್ಡಿ ತಂಡದಲ್ಲಿ ಎರಡು ವರ್ಷದಿಂದ ಅವನೇ ಮುಖ್ಯ ರೈಡರ್. ಮುಕ್ತ ಪಂದ್ಯಾಟ ಇದ್ದಾಗ ಬೈಕ್ ತಂದು ಮನೆಯಿಂದ ಕರ್ಕೊಂಡು ಹೋಗ್ತಾರೆ. ಗೆದ್ದರೆ ಹೆಗಲ ಮೇಲೆ ಹೊತ್ತು ಕುಣಿತಾರೆ. ಅದೇ ಮೈದಾನದಲ್ಲಿ, ಅದೇ ಗೆಳೆಯರು ಸಮಾಜದ ಪಂದ್ಯಾಟ ಇಟ್ಟಾಗ ಅವನಿಗೂ ಫೋನ್ ಬಂತು. ಆಡಲಿಕ್ಕೆ ಅಲ್ಲ. ಅಂಕಣ ಸಮ ಮಾಡಲಿಕ್ಕೆ, ಮ್ಯಾಟ್ ಹಾಸಲಿಕ್ಕೆ, ಲೈಟಿನ ಕಂಬ ಹುಗಿಯಲಿಕ್ಕೆ. ಕೂಲಿ ಕೊಟ್ಟರು, ಇಲ್ಲ ಅಂತ ಅಲ್ಲ. ಮ್ಯಾಟ್ ಹಾಸಿ ಮುಗಿಸಿ ಅವನು ಗೇಟಿನ ಹತ್ತಿರ ನಿಂತು ಆಟ ನೋಡಿದ.

ಯಾರೂ ಅವನಿಗೆ ಬೈಯಲಿಲ್ಲ, ಹೊಡೆಯಲಿಲ್ಲ. ಪ್ಲೇಟು ಬೇರೆ ಇಡಲಿಲ್ಲ. ಅದಕ್ಕೇ ಕೇಳ್ತಾರೆ, "ಎಂತ ಅನ್ಯಾಯ ಆಗಿದೆ?" ಅಂತ. ಅನ್ಯಾಯಕ್ಕೆ ಯಾವಾಗಲೂ ರಕ್ತ ಬರಬೇಕು ಅಂತ ಇಲ್ಲ.

ಆಟದ ಗದ್ದೆಯಲ್ಲಿ ನಮಗೆ ಕೆಲಸ ಉಂಟು, ಆಟ ಇಲ್ಲ. ಇದು ಈ ಜಿಲ್ಲೆಗೆ ಹೊಸತಲ್ಲ. ಕಂಬಳದ ಹಿಂದಿನ ರಾತ್ರಿ ಕೊರಗರನ್ನು ಗದ್ದೆಗೆ ಇಳಿಸಿ ಡೋಲು ಬಾರಿಸಲು, ಓಡಲು ಮಾಡ್ತಿದ್ದರು. ಮರುದಿನದ ಕೋಣಗಳಿಗೆ ಏನೂ ಆಗಬಾರದು ಅಂತ. ಅಂಥ ಅಜಲು ಪದ್ಧತಿಯನ್ನೆಲ್ಲ ನಿಷೇಧಿಸಲು 2000 ದಲ್ಲಿ ಕರ್ನಾಟಕ ಒಂದು ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಮ್ಯಾಟ್ ಹಾಸುವುದು ಅಜಲು ಅಲ್ಲ, ಗೊತ್ತುಂಟು. ಆದರೆ ಎರಡರ ಹಿಂದಿನ ಬುದ್ಧಿ ಅಣ್ಣ-ತಮ್ಮ.

ಹಳೇ ಕತೆ ಇನ್ನೊಂದು ಉಂಟು, ನಮ್ಮ ಮಕ್ಕಳು ತಿಳಿದಿರಬೇಕಾದ್ದು. ಪಾಲ್ವಂಕರ್ ಬಾಲೂ. 1876 ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಸಮುದಾಯದ ಹುಡುಗ. ಪುಣೆಯ ಕ್ರಿಕೆಟ್ ಕ್ಲಬ್ಬಿನಲ್ಲಿ ಮೈದಾನದ ಕೆಲಸಕ್ಕೆ ಸೇರಿ, ಇಂಗ್ಲಿಷ್ ಸಾಹೇಬರಿಗೆ ನೆಟ್‌ನಲ್ಲಿ ಚೆಂಡು ಎಸೆದು ಎಸೆದು ದೇಶದ ದೊಡ್ಡ ಸ್ಪಿನ್ನರ್ ಆದವರು. ಹಿಂದೂ ತಂಡಕ್ಕೆ ಇವರ ಬೌಲಿಂಗ್ ಬೇಕಿತ್ತು. ಚಹಾ ಮಾತ್ರ ಹೊರಗೆ, ಮಣ್ಣಿನ ಕಪ್ಪಿನಲ್ಲಿ. 1906 ರಲ್ಲಿ ಹಿಂದೂ ತಂಡ ಮುಂಬಯಿಯಲ್ಲಿ ಯುರೋಪಿಯನ್ನರನ್ನು ಮೊದಲ ಸಲ ಸೋಲಿಸಿ ದೇಶಕ್ಕೆಲ್ಲ ಹೆಮ್ಮೆ ತಂದಾಗ ಆ ತಂಡದಲ್ಲಿ ಬಾಲೂ ಇದ್ದರು. 1911 ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕಿಂತ ಹೆಚ್ಚು ವಿಕೆಟ್ ತೆಗೆದರು. ನಾಯಕತ್ವ ಮಾತ್ರ ಅವರಿಗೆ ಕೊನೆಗೂ ಸಿಗಲಿಲ್ಲ. ಕೊಡಲಿಕ್ಕೆ ಮನಸ್ಸಾದದ್ದು 1923 ರಲ್ಲಿ, ಅವರ ತಮ್ಮ ವಿಠಲ್‌ಗೆ. ವಿಠಲ್ ಆ ವರ್ಷವೇ ಕಪ್ ಗೆದ್ದು ಕೊಟ್ಟರು. ಮುಂದೆ 1937 ರ ಚುನಾವಣೆಯಲ್ಲಿ ಬಾಲೂ ಬಾಬಾಸಾಹೇಬರ ಎದುರೇ ನಿಂತು ಸೋತರು ಅನ್ನುವುದೂ ಇತಿಹಾಸ. ರಾಜಕೀಯದಲ್ಲಿ ಆ ಕಡೆ ಇದ್ದರು ಅಂತ ಅವರ ಮಣ್ಣಿನ ಕಪ್ಪನ್ನು ನಾವು ಮರೆಯಬೇಕಾಗಿಲ್ಲ.

ಇದೆಲ್ಲ ಸರಿ, ಪಂಚಾಯತ್ ಏನು ಮಾಡಲಿಕ್ಕೆ ಆಗ್ತದೆ ಅಂತ ಕೇಳುವವರಿಗೆ ಅಮೆರಿಕದ ಒಂದು ಸಂಗತಿ ಹೇಳ್ತೇನೆ. ನಮ್ಮ ವಿಷಯಕ್ಕೆ ಅದು ಸರಿಯಾಗಿ ಹೊಂದುತ್ತದೆ.

ಅಲ್ಲಿ ಫುಟ್‌ಬಾಲ್ ಅಂದರೆ ನಾವು ಆಡುವ ಕಾಲ್ಚೆಂಡು ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗಡಿಗೆ ನುಗ್ಗುವ ಆಟ. ಹಿಡಿದು ಬೀಳಿಸುವವರು ಎದುರಿಗೆ. ನಮ್ಮ ಕಬಡ್ಡಿಗೆ ಹೆಲ್ಮೆಟ್ ಹಾಕಿದ ಹಾಗೆ ಅಂದುಕೊಳ್ಳಿ. ಅವರ ದೊಡ್ಡ ವೃತ್ತಿಪರ ಲೀಗಿನಲ್ಲಿ 1934 ರಿಂದ 1945 ರವರೆಗೆ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಹೊರಗಿಡುವ ಲಿಖಿತ ನಿಯಮವೂ ಇರಲಿಲ್ಲ. ಮಾಲಕರ ನಡುವೆ ಮಾತಿಲ್ಲದ ಒಪ್ಪಂದ. 1946 ರಲ್ಲಿ ಆ ಗೋಡೆ ಒಡೆದದ್ದು ಹೇಗೆ ಗೊತ್ತಾ? ರ‍್ಯಾಮ್ಸ್ ಅನ್ನುವ ತಂಡ ಲಾಸ್ ಏಂಜಲೀಸಿಗೆ ಬಂದು ಅಲ್ಲಿನ ದೊಡ್ಡ ಸಾರ್ವಜನಿಕ ಸ್ಟೇಡಿಯಂ ಕೇಳಿತು. ಕಪ್ಪು ಪತ್ರಕರ್ತರು ಎದ್ದು ನಿಂತು ಹೇಳಿದರು: ಈ ಸ್ಟೇಡಿಯಂ ನಮ್ಮ ತೆರಿಗೆಯಲ್ಲಿ ಕಟ್ಟಿದ್ದು, ನಮ್ಮವರನ್ನು ಬಿಟ್ಟು ಇಲ್ಲಿ ಆಡುವುದು ಹೇಗೆ? ಆಗ ಕೆನ್ನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್ ಅನ್ನುವ ಇಬ್ಬರನ್ನು ತಂಡಕ್ಕೆ ತೆಗೆದುಕೊಂಡರು.

ಉಳಿದ ತಂಡಗಳು ಒಂದೊಂದಾಗಿ ಬಾಗಿಲು ತೆರೆದವು. ರಾಜಧಾನಿ ವಾಷಿಂಗ್ಟನ್ನಿನ ತಂಡ ಮಾತ್ರ ತೆರೆಯಲಿಲ್ಲ. ಅದರ ಮಾಲಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಹಠ ಹಿಡಿದು ಬಿಳಿಯರನ್ನೇ ಆಡಿಸಿದ. 1961 ರಲ್ಲಿ ತಂಡ ಆಡಿದ್ದು 14 ಪಂದ್ಯ, ಗೆದ್ದದ್ದು ಒಂದೇ ಒಂದು. ಜಾತಿ ನೋಡಿ ತಂಡ ಕಟ್ಟಿದರೆ ಇಷ್ಟೇ. ಅದೇ ವರ್ಷ ಅವರು ಹೊಸ ಸ್ಟೇಡಿಯಮ್ಮಿಗೆ ಹೋದರು. ಸ್ಟೇಡಿಯಂ ಇದ್ದದ್ದು ಕೇಂದ್ರ ಸರಕಾರದ ಜಾಗದಲ್ಲಿ. ಕೆನಡಿ ಸರಕಾರದ ಮಂತ್ರಿ ಸ್ಟೂವರ್ಟ್ ಉಡಾಲ್ ನೇರವಾಗಿ ಹೇಳಿದ: ಸರಕಾರದ ನೆಲದಲ್ಲಿ ಆಡಬೇಕಾದರೆ ಭೇದ ಬಿಡು, ಇಲ್ಲದಿದ್ದರೆ ಸ್ಟೇಡಿಯಂ ಬಿಡು. ಮಾಲಕನ ಮನಸ್ಸು ಕರಗಲಿಲ್ಲ, ಆದರೆ ಜಾಗ ಬೇಕಿತ್ತಲ್ಲ. 1962 ರಲ್ಲಿ ಬಾಬಿ ಮಿಚೆಲ್ ಬಂದ. ಆ ಸೀಸನ್ನಿನಲ್ಲಿ ಇಡೀ ಲೀಗಿಗೇ ಹೆಚ್ಚು ಪಾಸ್ ಹಿಡಿದವನು ಅವನು. ತಂಡ ಒಂದರಿಂದ ಐದು ಗೆಲುವಿಗೆ ಏರಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವಾಷಿಂಗ್ಟನ್ ತಂಡ 1988 ರ ಜನವರಿ 31 ರಂದು ಸೂಪರ್ ಬೌಲ್ ಫೈನಲ್ ಆಡಿತು. ಡೆನ್ವರ್ ಎದುರು 42-10 ರಲ್ಲಿ ಗೆದ್ದಿತು. ಚೆಂಡು ಎಸೆದು ಇಡೀ ಆಟ ನಡೆಸುವವನನ್ನು ಅವರು ಕ್ವಾರ್ಟರ್‌ಬ್ಯಾಕ್ ಅಂತಾರೆ. ಅದು ಬುದ್ಧಿಯ ಜಾಗ, ಕಪ್ಪು ಜನಕ್ಕೆ ಆಗದು ಅಂತ ಬಹಳ ಕಾಲ ಹೇಳ್ತಿದ್ದರು. ಆ ದಿನ ಆ ಜಾಗದಲ್ಲಿ ನಿಂತು ಗೆಲ್ಲಿಸಿದವನು ಡಗ್ ವಿಲಿಯಮ್ಸ್. ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್. ಬಾಗಿಲು ಕೊನೆಗೆ ತೆರೆದ ತಂಡವೇ ಆ ದಾಖಲೆ ಮಾಡಿತು. ಇಷ್ಟಾದರೂ ಆ ತಂಡದ ಹೆಸರು ಅಲ್ಲಿನ ಮೂಲನಿವಾಸಿಗಳನ್ನು ಹೀಯಾಳಿಸುವ ಶಬ್ದವೇ ಆಗಿತ್ತು. ಅದನ್ನು ಬಿಟ್ಟದ್ದು 2020 ರಲ್ಲಿ. ಒಂದು ಬಾಗಿಲು ತೆರೆದ ಕೂಡಲೆ ಎಲ್ಲ ಸರಿಯಾಗುವುದಿಲ್ಲ ಅನ್ನುವುದಕ್ಕೆ ಇದೂ ನೆನಪಿರಲಿ.

ನಾನು ಹೇಳುವುದು ಇದನ್ನೇ. ಆ ಮಾಲಕನಿಗೆ ಯಾರೂ ಉಪದೇಶ ಮಾಡಿ ಬದಲಾಯಿಸಲಿಲ್ಲ. ನೆಲ ಯಾರದ್ದು ಅಂತ ಕೇಳಿದರು. ಬದಲಾಯಿತು.

ನಮ್ಮಲ್ಲಿ ಈ ಪ್ರಶ್ನೆ ಕೇಳಲಿಕ್ಕೆ ಅಮೆರಿಕಕ್ಕೆ ಹೋಗಬೇಕು ಅಂತ ಇಲ್ಲ. 1927 ರ ಮಾರ್ಚ್ 20 ರಂದು ಮಹಾಡಿನ ಚೌದಾರ್ ಕೆರೆಗೆ ಬಾಬಾಸಾಹೇಬರು ಹೋದದ್ದು ಯಾರದ್ದೋ ಮನೆಯ ಬಾವಿಗೆ ಅಲ್ಲ. ಅದು ಸಾರ್ವಜನಿಕ ಕೆರೆ. ಎಲ್ಲರಿಗೂ ತೆರೆದಿದೆ ಅಂತ ಪುರಸಭೆ ಮೊದಲೇ ನಿರ್ಣಯ ಮಾಡಿತ್ತು. ಕಾಗದದಲ್ಲಿ ಇದ್ದದ್ದನ್ನು ನೀರಿನಲ್ಲಿ ಇಳಿದು ತೋರಿಸಿದರು. ಆಮೇಲೆ ಬರೆದ ಸಂವಿಧಾನದ 15 ನೇ ವಿಧಿಯ ಎರಡನೇ ಖಂಡ ನೋಡಿ. ಸರಕಾರದ ಹಣದಲ್ಲಿ ಪೂರ್ತಿಯಾಗಿ ಅಥವಾ ಭಾಗಶಃ ನಡೆಯುವ, ಅಥವಾ ಸಾರ್ವಜನಿಕರ ಬಳಕೆಗೆ ಬಿಟ್ಟ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರುವ ಜಾಗ, ಇವುಗಳ ಬಳಕೆಗೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವ ಹಾಗಿಲ್ಲ. ಪಂಚಾಯತ್ ಮೈದಾನ ಜನ ಸೇರುವ ಜಾಗ ಅಲ್ಲದಿದ್ದರೆ ಮತ್ತೆ ಎಂತ?

ಈಗ ಬಂದ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ.

"ನಾವು ಮೈದಾನಕ್ಕೆ ಬಾಡಿಗೆ ಕಟ್ಟಿದ್ದೇವೆ." ಕಟ್ಟಿ. ಬಾಡಿಗೆ ಕಟ್ಟಿದರೆ ಒಂದು ದಿನಕ್ಕೆ ಮೈದಾನ ಸಿಗ್ತದೆ. ಅದಕ್ಕೆ ಜಾತಿಯ ಗೇಟು ಹಾಕುವ ಅಧಿಕಾರ ರಶೀದಿಯ ಜೊತೆ ಬರುವುದಿಲ್ಲ.

"ನಮ್ಮ ಸಮಾಜದವರು ಒಟ್ಟಾಗಲಿಕ್ಕೆ ಮಾಡ್ತೇವೆ, ಬೇರೆಯವರನ್ನು ದ್ವೇಷ ಮಾಡಲಿಕ್ಕೆ ಅಲ್ಲ." ನಂಬ್ತೇನೆ. ಸಂಘ ಕಟ್ಟುವುದು ನಿಮ್ಮ ಹಕ್ಕು. ನಿಮ್ಮದೇ ಸಭಾಭವನ ಉಂಟು, ಅದರ ಹಿಂದೆ ನಿಮ್ಮದೇ ಜಾಗ ಉಂಟು, ಅಲ್ಲಿ ಆಡಿ. ನಾನು ಬಂದು ಫ್ಲೆಕ್ಸ್ ಹರಿಯುವುದಿಲ್ಲ. ಆದರೆ ಒಂದು ಆಲೋಚನೆ ಮಾಡಿ. ಸ್ವಂತ ಸಭಾಭವನ, ಸ್ವಂತ ಮೈದಾನ ಇರುವ ಸಮುದಾಯ ಯಾವುದು, ಪಂಚಾಯತ್ ಮೈದಾನ ಒಂದೇ ಗತಿ ಆಗಿರುವ ಸಮುದಾಯ ಯಾವುದು? ಎಲ್ಲ ಇದ್ದವರಿಗೆ ಅದು ಇನ್ನೊಂದು ಜಾಗ. ನಮ್ಮ ಕಾಲೊನಿಯ ಮಕ್ಕಳಿಗೆ ಅದೊಂದೇ ಜಾಗ.

"ನಿಮ್ಮವರೂ ನಿಮ್ಮವರಿಗೆ ಮಾತ್ರ ಪಂದ್ಯಾಟ ಮಾಡ್ತಾರಲ್ಲ?" ಮಾಡ್ತಾರೆ, ಹೌದು. ಹೊರಗೆ ಇಟ್ಟ ಮೇಲೆ ಒಳಗೇ ಆಡಿಕೊಂಡ ಆಟ ಅದು. ಆದರೂ ಸರಕಾರಿ ಮೈದಾನದಲ್ಲಿ ಮಾಡಿದರೆ ಅದೂ ಬೇಡ ಅಂತಲೇ ನಮ್ಮ ಮನವಿಯಲ್ಲಿ ಬರೆದಿದೆ. ಜಾತಿಯ ಹೆಸರು ಹಾಕಿಲ್ಲ, ಎಲ್ಲ ಜಾತಿಗೂ ಒಂದೇ ನಿಯಮ ಕೇಳಿದ್ದೇವೆ. ನಮ್ಮ ಕಾಲೊನಿಯ ಹಿರಿಯರ ಹತ್ತಿರವೂ ಇದೇ ಮಾತು ಹೇಳಿ ಬೈಗುಳ ತಿಂದಿದ್ದೇನೆ.

"ಆಟದಿಂದ ಯಾರ ಹೊಟ್ಟೆ ತುಂಬ್ತದೆ? ಭೂಮಿ, ಶಿಕ್ಷಣ ಬಿಟ್ಟು ಇದೆಂತ ಹೋರಾಟ?" ಇದು ನಮ್ಮವರೇ ಕೆಲವರು ಕೇಳಿದ್ದು. ಇದಕ್ಕೆ ಮಾತ್ರ ಸ್ವಲ್ಪ ಉದ್ದ ಉತ್ತರ ಬೇಕು.

ಹೊಟ್ಟೆ ತುಂಬ್ತದೆ. ಹೆರ್ಮುಂಡೆಯಂಥ ಹಳ್ಳಿಯಿಂದ ಬಂದ ಮಮತಾ ಪೂಜಾರಿಯವರು 2010 ಮತ್ತು 2014 ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಇದ್ದರು, 2014 ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅವರಿಗೆ ಅನ್ನ ಕೊಟ್ಟದ್ದು ರೈಲ್ವೆಯ ಕೆಲಸ. ಪವನ್ ಸೆಹ್ರಾವತ್ ಕೂಡ ರಾಷ್ಟ್ರೀಯ ಪಂದ್ಯಾಟಗಳಲ್ಲಿ ಆಡಿದ್ದು ರೈಲ್ವೆ ತಂಡಕ್ಕೆ. ಕಬಡ್ಡಿ ಆಟಗಾರರಿಗೆ ಹರಾಜಿಗಿಂತ ಮೊದಲು ಇದ್ದದ್ದು, ಹರಾಜು ಮುಗಿದ ಮೇಲೂ ಇರುವುದು ಈ ಕ್ರೀಡಾ ಕೋಟಾದ ಕೆಲಸ. ರೈಲ್ವೆ, ಪೊಲೀಸ್, ಸೇನೆ, ಬ್ಯಾಂಕ್. ಆ ಕೆಲಸಕ್ಕೆ ಅರ್ಜಿ ಹಾಕಬೇಕಾದರೆ ಜಿಲ್ಲೆ, ರಾಜ್ಯ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟ್ ಬೇಕು. ಅಲ್ಲಿ ಆಡಬೇಕಾದರೆ ಯಾರಾದರೂ ನಿಮ್ಮ ಆಟ ನೋಡಿರಬೇಕು. ಯಾರಾದರೂ ನೋಡಬೇಕಾದರೆ ನೀವು ಹೊನಲು ಬೆಳಕಿನ ಕೆಳಗೆ ಅಂಕಣದ ಒಳಗೆ ಇರಬೇಕು. ಗೇಟಿನ ಹತ್ತಿರ ನಿಂತವನನ್ನು ಯಾವ ಸೆಲೆಕ್ಟರೂ ನೋಡುವುದಿಲ್ಲ.

ಆ ಕೆಲಸಗಳೂ ಈಗ ಕಮ್ಮಿಯಾಗ್ತಾ ಬಂದಿವೆ. ಬುಲ್ಸ್ ಕಪ್ ಗೆದ್ದ ಮೂರೇ ತಿಂಗಳಿಗೆ, 2019 ರ ಏಪ್ರಿಲ್ 1 ಕ್ಕೆ, ನಮ್ಮ ಕರಾವಳಿಯಲ್ಲಿ 1931 ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ಸೇರಿಹೋಯಿತು. ಕಬಡ್ಡಿ ತಂಡ ಇದ್ದ ಬ್ಯಾಂಕ್ ಅದು. ಮರುವರ್ಷ ಅದೇ ತಾರೀಕಿಗೆ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ ಕೂಡ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಮಣಿಪಾಲದಲ್ಲಿ ಸಿಂಡಿಕೇಟ್ ಬ್ಯಾಂಕಿನ ಹೆಡ್ ಆಫೀಸು ಇತ್ತು ಅಂತ ನಮ್ಮ ಮಕ್ಕಳಿಗೆ ಈಗ ಕತೆ ಹೇಳಬೇಕು. ಸರಕಾರಿ ಕೆಲಸ ಕಮ್ಮಿಯಾದಷ್ಟೂ ಮೀಸಲಾತಿ ಕಮ್ಮಿ, ಕ್ರೀಡಾ ಕೋಟಾವೂ ಕಮ್ಮಿ. ಉಳಿದದ್ದು ಹರಾಜು. ಅಲ್ಲಿಗೆ ತಲುಪುವ ಮೆಟ್ಟಿಲು ಊರಿನ ಮೈದಾನ. ಆ ಮೆಟ್ಟಿಲಿಗೂ ಜಾತಿಯ ಫ್ಲೆಕ್ಸ್ ಕಟ್ಟಿದರೆ ನಮ್ಮ ಹುಡುಗ ಎಲ್ಲಿಂದ ಹತ್ತಬೇಕು?

ಭೂಮಿಯ ಪ್ರಶ್ನೆ ಬಿಟ್ಟು ಇದೆಂತ ಅಂತ ಕೇಳಿದಿರಲ್ಲ, ಇದೂ ಭೂಮಿಯ ಪ್ರಶ್ನೆಯೇ. 2016 ರಲ್ಲಿ ಚಲೋ ಉಡುಪಿ ಮಾಡಿದಾಗ ನಾವು ಊಟದ ಹಕ್ಕಿನ ಜೊತೆ ಭೂಮಿಯ ಹಕ್ಕನ್ನೂ ಕೇಳಿದ್ದೆವು. ಕಬಡ್ಡಿ ಅಂಕಣ ಅಂದರೆ 13 ಮೀಟರ್ ಉದ್ದ, 10 ಮೀಟರ್ ಅಗಲದ ನೆಲ. ಅಷ್ಟೇ ಸಣ್ಣ ಭೂಮಿ. ಪಟ್ಟಾ ಬೇಡ, ಪಹಣಿ ಬೇಡ. ಅದರ ಮೇಲೆ ನಿಲ್ಲಲಿಕ್ಕೆ ಬಿಡಿ ಅಂತ ಕೇಳ್ತಾ ಇದ್ದೇವೆ.

ಕಬಡ್ಡಿಯಲ್ಲಿ ಮುಟ್ಟಿದರೆ ಪಾಯಿಂಟ್. ಹಿಡಿಯಬೇಕಾದರೂ ಮುಟ್ಟಲೇಬೇಕು. ಬೆವರಿಗೆ ಬೆವರು, ಮಣ್ಣಿಗೆ ಮಣ್ಣು. ಸಣ್ಣವನಿದ್ದಾಗ ಶಾಲೆಯಲ್ಲಿ ನನಗೆ ಈ ಆಟ ಇಷ್ಟ ಆಗಲು ಅದೇ ಕಾರಣ ಇದ್ದೀತು. ನೀರಿನ ಲೋಟ ದೂರದಿಂದ ಹೊಯ್ಯುವ ಮನೆಯ ಹುಡುಗರೇ ಕಬಡ್ಡಿಯಲ್ಲಿ ನನ್ನ ಸೊಂಟಕ್ಕೆ ಜೋತು ಬೀಳ್ತಿದ್ದರು. ಆಗ ಯಾವ ಮಾಸ್ಟ್ರೂ ಭಾಷಣ ಮಾಡಿ ಹೇಳಿಕೊಡದ ಪಾಠ ಅದು. ನಮ್ಮ ಊರಿನ ಅಂಥ ಆಟವನ್ನು ಜಾತಿ ಜಾತಿಗೆ ಕೊಯ್ದು ಹಂಚಿಕೊಂಡರೆ ನಷ್ಟ ನಮಗೊಬ್ಬರಿಗೇ ಅಲ್ಲ. ನಮ್ಮ ರೈಡರ್ ಇಲ್ಲದ ನಿಮ್ಮ ತಂಡಕ್ಕೂ ನಷ್ಟ. ವಾಷಿಂಗ್ಟನ್ನಿನ ಆ 14 ಪಂದ್ಯಗಳ ಲೆಕ್ಕ ಇನ್ನೊಮ್ಮೆ ನೋಡಿ.

ಪಂಚಾಯತಿನಿಂದ ಉತ್ತರ ಇನ್ನೂ ಬಂದಿಲ್ಲ. "ಮುಂದಿನ ಸಾಮಾನ್ಯ ಸಭೆಯಲ್ಲಿ ಇಡ್ತೇವೆ" ಅಂದಿದ್ದಾರೆ. ಸದಸ್ಯರಲ್ಲಿ ಒಬ್ಬರು, ನಮ್ಮ ಜಾತಿಯವರಲ್ಲ, ಫೋನ್ ಮಾಡಿ "ನೀವು ಹೇಳಿದ್ದು ಸರಿ ಉಂಟು, ನಾನು ಮಾತಾಡ್ತೇನೆ" ಅಂದರು. ಅವರಿಗೆ ಥ್ಯಾಂಕ್ಸ್. ಆ ಫೋನ್ ಸಣ್ಣ ವಿಷಯ ಅಲ್ಲ.

ಉಡುಪಿ ಜಿಲ್ಲೆಯ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಪಂಚಾಯತ್ ಅಥವಾ ಸರಕಾರಿ ಶಾಲೆಯ ಮೈದಾನದಲ್ಲಿ ಇಂಥ ಪಂದ್ಯಾಟ ನಡೆದರೆ ಮೂರು ವಿಷಯ ಮಾಡಿ. ಫ್ಲೆಕ್ಸಿನ ಫೋಟೊ ತೆಗೆದಿಡಿ, ಯಾರ ಜೊತೆಯೂ ಜಗಳ ಬೇಡ. ಅನುಮತಿ ಪತ್ರದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, ಹತ್ತು ರೂಪಾಯಿ ಸಾಕು. ಮೈದಾನ ಕೊಡುವಾಗ "ಎಲ್ಲರಿಗೂ ಮುಕ್ತ" ಅನ್ನುವ ಒಂದು ಸಾಲಿನ ಷರತ್ತು ಹಾಕಿ ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ. ನಮ್ಮ ಮನವಿಯ ನಕಲು ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೇನೆ.

ಆ ಹುಡುಗ ಈಗ ಹೊಸ ತಂಡ ಕಟ್ಟುತ್ತಾ ಇದ್ದಾನೆ. ಏಳು ಜನ ಆಡಬೇಕು, ಐದು ಜನ ಕೈಗೆ ಹಿಡಿದು ಇಡಬೇಕು. ಇದುವರೆಗೆ ಹತ್ತು ಜನ ಸಿಕ್ಕಿದ್ದಾರೆ, ಐದು ಜಾತಿಯವರು. ಹಿಡಿಯುವುದರಲ್ಲಿ ಗಟ್ಟಿ ಇರುವ ಇಬ್ಬರು ಬೇಕಂತೆ. ಎಡ ಮೂಲೆಯಲ್ಲಿ ನಿಂತು ಕಾಲು ಹಿಡಿಯುವವರಾದರೆ ಮೊದಲ ಆದ್ಯತೆ. ಕಾರ್ಕಳ, ಹೆಬ್ರಿ, ಕಾಪು ಕಡೆಯವರು ಯಾರಾದರೂ ಇದ್ದರೆ ಕಮೆಂಟಿನಲ್ಲಿ ತಿಳಿಸಿ.

ಜೈ ಭೀಮ್.